ಕೊಟ್ಟಿಗೆಯಲ್ಲೊಂದು ಹಾಯಿಗಂಬ

ನಿಟ್ಟೂರಿನಲ್ಲಿ ಮರಗೆಲಸಕ್ಕೆ ಸಿಗುವುದು ಅರ್ಧ ವರ್ಷ. ಜೂನ್ ಹಿಡಿಯಿತೆಂದರೆ ಬಾಗಿಲು ಉಬ್ಬಿ ಚೌಕಟ್ಟಿಗೆ ಕಚ್ಚಿಕೊಳ್ಳುತ್ತದೆ, ಬೆಂಕಿಪೊಟ್ಟಣವನ್ನು ಒಲೆಕಟ್ಟೆಯ ಮೇಲೆ ಇಟ್ಟರಷ್ಟೇ ಕಡ್ಡಿ ಹೊತ್ತುತ್ತದೆ. ನಮ್ಮ ಹೊಸನಗರ ತಾಲ್ಲೂಕಿನದೇ ಆದ ಹುಲಿಕಲ್ಲು ಮಳೆಯಲ್ಲಿ ಆಗುಂಬೆಯನ್ನೂ ಹಿಂದೆ ಹಾಕಿದ ವರ್ಷಗಳಿವೆ. ಅಂಥ ಹವೆಯಲ್ಲಿ ಅಂಟು ಹಿಡಿಯುವುದಿಲ್ಲ, ವಾರ್ನಿಷ್ ಹಚ್ಚಿದರೆ ಹಾಲಿನಂತೆ ಬೆಳ್ಳಗಾಗಿ ಕೂರುತ್ತದೆ. ಕೆಲಸವೇನಿದ್ದರೂ ಡಿಸೆಂಬರಿನಿಂದ ಈಚೆಗೆ. ಆದರೆ ಆಗ ಲಿಂಗನಮಕ್ಕಿಯ ಹಿನ್ನೀರು ಹಿಂದೆ ಸರಿಯುತ್ತಿರುತ್ತದೆ. ತುಂಬಿದಾಗ ಸಮುದ್ರಮಟ್ಟದಿಂದ 1819 ಅಡಿಗೆ ನಿಲ್ಲುವ ನೀರು ಏಪ್ರಿಲ್-ಮೇ ಹೊತ್ತಿಗೆ ಎಷ್ಟು ಇಳಿಯುತ್ತದೆಂದರೆ, 1964ರಲ್ಲಿ ಮುಳುಗಿದ ಕಾಡಿನ ಬೊಡ್ಡೆಗಳು ತಲೆ ಎತ್ತುತ್ತವೆ, ಹಸಿರುಮಕ್ಕಿಯ ಲಾಂಚ್ ನಿಲ್ಲಿಸಬೇಕಾಗಿ ಬಂದ ವರ್ಷಗಳೂ ಇವೆ. ಅಂತೂ ಹಾಯಿಗಂಬ ದುರಸ್ತಿ ಮಾಡಬಹುದಾದಾಗ ನೀರಿಲ್ಲ, ನೀರಿದ್ದಾಗ ದುರಸ್ತಿ ಆಗುವುದಿಲ್ಲ. ಹೀಗಿದ್ದೂ ನಾನು ಈ ಕೆಲಸಕ್ಕೆ ಕೈಹಾಕಿದೆ.

ದೋಣಿ ನನ್ನದಾದದ್ದು ನೆಂಟಸ್ತಿಕೆಯಿಂದ. ಬೆಂಗಳೂರಿನ ನೆಂಟರೊಬ್ಬರು ಮನೆ ಖಾಲಿ ಮಾಡುವಾಗ, ‘ನಿಮ್ಮ ಊರಲ್ಲಿ ನೀರಿದೆಯಲ್ಲ’ ಎಂದು ಲಾರಿಗೆ ಹೇರಿ ಕಳಿಸಿದರು. ಎಂಟರ್‌ಪ್ರೈಸ್ ಎಂಬ ವರ್ಗದ ಪ್ಲೈವುಡ್ ದೋಣಿ. 1956ರಲ್ಲಿ ಇಂಗ್ಲೆಂಡಿನ ಜಾಕ್ ಹೋಲ್ಟ್ ರೂಪಿಸಿದ್ದು, ಉದ್ದ ಹದಿಮೂರು ಅಡಿ ಚಿಲ್ಲರೆ, ಹಾಯಿ ನೀಲಿ. 1982ರ ಏಷ್ಯನ್ ಕ್ರೀಡಾಕೂಟದ ಹಾಯಿದೋಣಿ ಸ್ಪರ್ಧೆಯಲ್ಲೂ ಈ ವರ್ಗವಿತ್ತು. ಈ ವರ್ಗದಲ್ಲಿ ಬರಬರುತ್ತಾ ಅಲ್ಯುಮಿನಿಯಂ ಕಂಬ ಬಂತು. ನಮ್ಮದು ಹಳೆಯದು, ಮರದ್ದು. ದೋಣಿಯ ಮೈ ಗಟ್ಟಿಯಾಗಿತ್ತು. ಕಂಬದ ಬುಡ ಮಾತ್ರ ಬೆರಳಲ್ಲಿ ಒತ್ತಿದರೆ ಒಳಗೆ ಹೋಗುತ್ತಿತ್ತು. ಕಂಬ ಕೂರುವ ಗುಳಿಯಲ್ಲಿ ಮಳೆನೀರು ನಿಂತು ನಿಂತು ಮರ ಕುಂಬಾಗಿತ್ತು. ಉಪ್ಪುನೀರಾದರೂ ಒಂದಿಷ್ಟು ಕಾಪಾಡುತ್ತದೆ, ಸಿಹಿನೀರಿಗೆ ಆ ಕರುಣೆಯಿಲ್ಲ. ಅದರ ಮೇಲೆ ಯಾರೋ ಪುಣ್ಯಾತ್ಮರು ಹಿತ್ತಾಳೆ ಸ್ಕ್ರೂ ಇರಬೇಕಾದಲ್ಲಿ ಕಬ್ಬಿಣದ್ದು ಜಡಿದಿದ್ದರು. ತುಕ್ಕು ಇಳಿದ ಕಡೆಯೆಲ್ಲ ಮರ ಕಪ್ಪಿಟ್ಟು ಸೀಳಿತ್ತು.

ಕೊಟ್ಟಿಗೆಯಲ್ಲಿ ಇಪ್ಪತ್ತಡಿ ಉದ್ದದ ಗಳ ಮಲಗಿದ ಸುದ್ದಿ ಊರಲ್ಲಿ ಹರಡಲು ಹೊತ್ತು ಬೇಕಾಗಲಿಲ್ಲ. ಬಂದವರ ಮೊದಲ ಪ್ರಶ್ನೆ, ‘ಇಂಜಿನ್ ಎಲ್ಲಿ?’ ಎರಡನೆಯದು ಪ್ರಶ್ನೆಯಲ್ಲ, ಸಲಹೆ: ‘ಇದನ್ನೆಂಥ ರಿಪೇರಿ ಮಾಡ್ತ್ರಿ ಮಾರಾಯ್ರೆ, ಒಂದು ಹಳೇ ದೋಟಿ ನಿಲ್ಸಿ.’ ನಕ್ಕುಬಿಟ್ಟೆ, ಆಮೇಲೆ ಯೋಚಿಸಿದರೆ ಅದು ನಗುವ ಮಾತಲ್ಲ. ಅಡಿಕೆ ಕೊಯ್ಯುವ ದೋಟಿ ಮೊದಲು ಬಿದಿರಿನದು, ಆಮೇಲೆ ಅಲ್ಯುಮಿನಿಯಂ, ಈಗ ಕಾರ್ಬನ್ ಫೈಬರ್. ಪಂದ್ಯದ ಹಾಯಿದೋಣಿಗಳ ಕಂಬ ನಡೆದು ಬಂದ ದಾರಿಯೂ ಇದೇ: ಮರ, ಅಲ್ಯುಮಿನಿಯಂ, ಕಾರ್ಬನ್. ಎರಡೂ ಕಡೆ ಬೇಕಾದದ್ದು ಒಂದೇ, ಉದ್ದ ಇರಬೇಕು, ತೂಕ ಇರಬಾರದು, ಬಳುಕಬೇಕು, ಮುರಿಯಬಾರದು. ಅಪಾಯವೂ ಒಂದೇ; ದೋಟಿ ವಿದ್ಯುತ್ ತಂತಿಗೆ ತಗುಲಿ ಸತ್ತವರ ಸುದ್ದಿ ಕೊಯ್ಲಿನ ಕಾಲದಲ್ಲಿ ಕೇಳುತ್ತೇವೆ, ದೋಣಿಯನ್ನು ಕಂಬ ನಿಲ್ಲಿಸಿಕೊಂಡೇ ತಂತಿಯ ಕೆಳಗೆ ಎಳೆದು ಹಾಗೆ ಹೋದವರು ಹೊರದೇಶಗಳಲ್ಲೂ ಇದ್ದಾರೆ. ಕಾರ್ಬನ್ ದೋಟಿಯ ಬೆಲೆ ನೆನಪಾಗಿ ಮರಕ್ಕೇ ನಿಷ್ಠನಾಗಿ ಉಳಿದೆ.

ಯಾವ ಮರ ಎನ್ನುವುದು ಮುಂದಿನ ತಕರಾರು. ಹಾಯಿಗಂಬಕ್ಕೆ ಮರ ಹುಡುಕುತ್ತಾ ನಮ್ಮ ಘಟ್ಟಕ್ಕೆ ಬರುತ್ತಿದ್ದ ಕಾಲವೊಂದಿತ್ತು. ಕರಾವಳಿಯ ಸುರಹೊನ್ನೆಯ ಕುಲಕ್ಕೇ ಸೇರಿದ, ನಿತ್ಯಹಸಿರು ಕಾಡಿನಲ್ಲಿ ಗಂಟಿಲ್ಲದೆ ನೂರಡಿ ನೇರ ಏರುವ ಮರವನ್ನು ಕೆಲವರು ಬೊಬ್ಬಿ ಎನ್ನುತ್ತಾರೆ. ಇಂಗ್ಲಿಷರ ಹಡಗುಕಟ್ಟೆಗಳಲ್ಲಿ ಅದರ ಹೆಸರು ಪೂನ್ ಸ್ಪಾರ್. ಘಟ್ಟದ ಕಾಡಿಂದ ಕಡಿದ ದಿಮ್ಮಿಗಳು ಕರಾವಳಿಗಿಳಿದು ಹಡಗಿನ ಕಂಬಗಳಾದವು. 1840ರ ದಶಕದಲ್ಲಿ ಶಿವಮೊಗ್ಗದಲ್ಲಿದ್ದ ಸ್ಕಾಟಿಷ್ ವೈದ್ಯ ಹ್ಯೂ ಕ್ಲೆಗಾರ್ನ್ ಸುತ್ತಲ ಗಿಡಗಳನ್ನು ಸ್ಥಳೀಯ ಕಲಾವಿದನಿಂದ ಚಿತ್ರ ಬರೆಸಿ ಕೂಡಿಡುತ್ತಿದ್ದ. ಅವನೇ 1856ರಲ್ಲಿ ಮದ್ರಾಸ್ ಪ್ರಾಂತ್ಯದ ಅರಣ್ಯ ಸಂರಕ್ಷಣಾಧಿಕಾರಿಯಾದ; ಕೆನರಾ ಆಗ ಮದ್ರಾಸಿಗೇ ಸೇರಿತ್ತು. ಕಾಡು ಕಾಯುವ ಇಲಾಖೆಯ ಕಾಳಜಿಯಲ್ಲಿ ಹಡಗಿನ ತೇಗ, ಹಡಗಿನ ಕಂಬ ಎಷ್ಟು ಪಾಲು, ಮರದ ಮೇಲಿನ ಪ್ರೀತಿ ಎಷ್ಟು ಪಾಲು ಎಂದು ತೂಗುತ್ತಾ ಕೂತರೆ ನನಗೇನೋ ತಕ್ಕಡಿ ಹಡಗಿನ ಕಡೆಗೇ ವಾಲುತ್ತದೆ. ಕೊಡಚಾದ್ರಿಯ ಬುಡದ ನಾವು ಮಾತ್ರ ಕಂಬದ ಮರ ಕಳಿಸಿಕೊಟ್ಟೆವೇ ಹೊರತು ಹಾಯಿ ಕಟ್ಟಲಿಲ್ಲ. ಕಟ್ಟಲು ನಮಗೆ ನೀರಾದರೂ ಎಲ್ಲಿತ್ತು? ಅಣೆಕಟ್ಟು ಬಂದ ಮೇಲೆ ನೀರು ಬಂತು, ಆ ಹೊತ್ತಿಗೆ ಇಂಜಿನ್ನೂ ಬಂದಿತ್ತು.

ಇವತ್ತು ಆ ಮರ ಕಡಿಯುವ ಮಾತು ಎತ್ತುವ ಹಾಗಿಲ್ಲ, ಎತ್ತಲೂ ಬಾರದು. ಇನ್ನು ಮನೆಯಲ್ಲಿದ್ದದ್ದು ಸಾಗುವಾನಿ, ಹಲಸು. ಹಳೆಯ ಕಂಬ ಸ್ಪ್ರೂಸ್ ಮರದ್ದು, ಘನ ಮೀಟರಿಗೆ ಸುಮಾರು 425 ಕಿಲೋ ತೂಗುವಂಥದ್ದು. ಸಾಗುವಾನಿ 650ರ ಆಸುಪಾಸು. ಸಣ್ಣ ದೋಣಿಯಲ್ಲಿ ಮೇಲಿನ ತೂಕ ಹೆಚ್ಚಿದಷ್ಟೂ ಮಗುಚುವುದು ಸಲೀಸು. ತೂಕಕ್ಕಿಂತ ದೊಡ್ಡ ತೊಂದರೆ ಬಿಗಿತನ. ಬಳುಕುವ ಮರಕ್ಕೆ ಬಳುಕದ ತುಂಡು ಸೇರಿಸಿದರೆ, ಗಾಳಿ ಒತ್ತಿದಾಗ ಎರಡೂ ಕೂಡುವ ಜಾಗದಲ್ಲೇ ಎಳೆತ ಕಟ್ಟಿ ಹಳೆಯ ಮರ ಮುರಿಯುತ್ತದೆ. ಕಡೆಗೆ ಸಾಗರದ ಟಿಂಬರ್ ಅಂಗಡಿಯಲ್ಲಿ ಹೊರದೇಶದ ಪೈನ್ ಹಲಗೆಗಳನ್ನು ಒಂದೊಂದಾಗಿ ಮಗುಚಿ, ಗಂಟಿಲ್ಲದ್ದೊಂದನ್ನು ಆರಿಸಿ ತಂದೆ. ಅಂಗಡಿಯವರು ನನ್ನನ್ನು ಸಂಬಂಧ ನೋಡಲು ಬಂದವನಂತೆ ನೋಡಿದರು.

ನಮ್ಮ ಆಚಾರ್ರಿಗೆ ಆ ಹಲಗೆಯ ಮೇಲೂ ನಂಬಿಕೆ ಬರಲಿಲ್ಲ. ತುದಿಯಲ್ಲಿ ಉಳಿ ಇಟ್ಟು ಕೊಡತಿಯಿಂದ ಮೆಲ್ಲಗೆ ಒಂದು ಏಟು ಕೊಟ್ಟರು. ಕಡ್ಡಿಯಷ್ಟು ತೆಳುವಾದ ಸೀಳೊಂದು ಎದ್ದಿತು. ಅದನ್ನು ಕೈಯಲ್ಲೇ ಎಳೆಯುತ್ತಾ ಹೋದರು. ಸೀಳು ಅಂಚಿಗೆ ಓಡದೆ ಹಲಗೆಯ ಉದ್ದಕ್ಕೂ ಬಂದರೆ ನಾರು ನೇರ ಇದೆ ಎಂದು ಅರ್ಥ, ಬಂತು. ‘ಅಡ್ಡಿಲ್ಲ, ಮರ ಸಭ್ಯಸ್ಥ’ ಎಂದು ಹತ್ತರಿ ತೆಗೆದರು.

ಮನೆಯ ತೊಲೆಗಾದರೆ ತೂತು ಕೊರೆದು, ಗೂಟ ತೂರಿಸಿ, ಬೆಣೆ ಬಡಿದು ಮುಗಿಸುವವರು ಅವರು. ಇಲ್ಲಿ ಗೂಟವಿಲ್ಲ, ಬೆಣೆಯಿಲ್ಲ. ಎರಡು ತುಂಡನ್ನೂ ಉದ್ದಕ್ಕೆ ಓರೆಯಾಗಿ ತೆಳುಮಾಡುತ್ತಾ ಹೋಗಿ, ಒಂದರ ಮೇಲೊಂದು ಒರಗಿಸಿ ಅಂಟಿಸಬೇಕು. ದಪ್ಪದ ಎಂಟರಷ್ಟಾದರೂ ಓರೆ ಬೇಕು, ಕಂಬಕ್ಕೆ ಹನ್ನೆರಡರಷ್ಟು ಇದ್ದರೆ ಕ್ಷೇಮ. ಎರಡೂವರೆ ಇಂಚಿನ ಕಂಬಕ್ಕೆ ಮೂವತ್ತು ಇಂಚಿನ ಓರೆ. ಕೊನೆಗೆ ಅಂಚು ಕಾಗದದಷ್ಟು ತೆಳ್ಳಗಾಗಿ ಬೆಳಕು ತೋರಿಸುತ್ತದೆ. ಆಚಾರ್ರು ಹತ್ತರಿ ಎಳೆಯುವಾಗ ಉಸಿರು ಬಿಗಿ ಹಿಡಿಯುತ್ತಿದ್ದರು. ಎಳೆ ಮುಗಿದ ಮೇಲೆ ಬೈಗುಳದ ಜೊತೆ ಉಸಿರು ಹೊರಬರುತ್ತಿತ್ತು. ಎರಡು ಮುಖ ಕೂಡಿಸಿ ದೀಪದ ಎದುರು ಹಿಡಿದು, ಬೆಳಕು ನುಸುಳಿದ ಕಡೆ ಸೀಸದ ಕಡ್ಡಿಯಿಂದ ಗೀಚಿ ಮತ್ತೆ ಎಳೆಯುವುದು. ಅದೊಂದಕ್ಕೇ ಸಂಜೆಗಳು ಹೋದವು.

ಕಂಬದ ಬೆನ್ನಿನಲ್ಲಿ ಹಾಯಿಯ ಅಂಚು ಜಾರುವ ಸಪೂರ ಕಾಲುವೆಯಿದೆ. ಅಂಟು ಅದರೊಳಗೆ ಸೋರಿ ಗಟ್ಟಿಯಾದರೆ ಹಾಯಿ ಅರ್ಧಕ್ಕೇ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ಮೇಣ ತೀಡಿದ ಹಗ್ಗವೊಂದನ್ನು ಒಳಗಿಟ್ಟು, ಅಂಟು ಎಳೆಯದಾಗಿರುವಾಗಲೇ ಎಳೆದು ತೆಗೆದೆವು. ಎಪಾಕ್ಸಿ ಪಾಲಿಥೀನಿಗೆ ಹಿಡಿಯುವುದಿಲ್ಲ, ಹಾಗಾಗಿ ತೊಳೆದ ನಂದಿನಿ ಹಾಲಿನ ಕವರುಗಳನ್ನು ಸುತ್ತಿ, ಅದರ ಮೇಲೆ ಸೈಕಲ್ ಟ್ಯೂಬಿನ ಪಟ್ಟಿಗಳನ್ನು ಬಿಗಿದೆವು. ಕ್ಲಾಂಪು ಅತಿಯಾಗಿ ಬಿಗಿದರೆ ಅಂಟೆಲ್ಲ ಹೊರಗೆ ಹಿಂಡಿ ಹೋಗಿ ಒಳಗೆ ಬರಿ ಮರ ಉಳಿಯುತ್ತದೆ. ರಬ್ಬರಿನ ಹಿಡಿತ ಹದವಾದದ್ದು.

ಬಿಚ್ಚಿದ ದಿನ ಕಂಬದ ಎರಡು ತುದಿಗೆ ಮಣೆ ಕೊಟ್ಟು, ನಡುವೆ ನೀರು ತುಂಬಿದ ಕೊಡ ತೂಗುಹಾಕಿದೆವು. ಆಚಾರ್ರು ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿದರು. ಬಾಗು ಒಂದೇ ಸಮನೆ ಹರಿಯಬೇಕು, ಬೆಸುಗೆಯ ಜಾಗದಲ್ಲಿ ಮೊಣಕೈ ತಿರುಗಬಾರದು. ತಿರುಗಲಿಲ್ಲ. ಕೊಡ ಇಳಿಸಿದೊಡನೆ ಕಂಬ ನೇರವಾಯಿತು. ‘ನಿಂತ ಮನೆ ಕಟ್ಟೋದು ಸುಲಭ ಕಣ್ರಿ’ ಎಂದರು, ಎಲೆ ಅಡಿಕೆ ಬಾಯಿಗಿಟ್ಟುಕೊಳ್ಳುತ್ತಾ.

ಈಗ ಉಳಿದಿರುವುದು ಬೂಮ್, ಹಾಯಿಯ ಬುಡ ಹಿಡಿದು ತಿರುಗುವ ಅಡ್ಡಗಳ. ಅದರ ಹಗ್ಗ ಸಿಕ್ಕಿಸುವ ಕೊಕ್ಕೆಗಳಿಗೆ ಹಲಸೇ ಆಗಬೇಕು, ಬಣ್ಣ ಚೆನ್ನಾಗಿ ಬರುತ್ತದೆ ಎಂದು ಆಚಾರ್ರ ಹಟ. ನನ್ನದು ಸಾಗುವಾನಿ, ನೀರಿಗೆ ತಡೆಯುತ್ತದೆ ಎಂಬ ವಾದ. ಈ ವಿಷಯದಲ್ಲಿ ಇನ್ನೂ ರಾಜಿಯಾಗಿಲ್ಲ. ಹಲಸಿನ ತುಂಡನ್ನು ಅವರು ಆಗಲೇ ಕೊಯ್ದಿಟ್ಟಿದ್ದಾರೆ ಎಂದು ಗುಮಾನಿ.