ಹಳೆಯ ಪಿಕಪ್ಪು, ಹೊಸ ಎಂಜಿನ್ನು

ಅಮೆರಿಕದಲ್ಲಿರುವ ನನ್ನ ತಂಗಿಯ ಮಗ ತನ್ನ 1970ರ ದಶಕದ ಫೋರ್ಡ್ ಪಿಕಪ್ಪಿಗೆ ಕಮಿನ್ಸ್ ಕಂಪೆನಿಯ 5.9 ಲೀಟರಿನ ಟರ್ಬೋ ಡೀಸೆಲ್ ಎಂಜಿನ್ ಕೂಡಿಸಲು ಯೋಜನೆ ಹಾಕಿದ್ದಾನೆ. 1989ರ ಮಾದರಿಯ ಡಾಡ್ಜ್ ಪಿಕಪ್ಪಿನಲ್ಲಿ ಬಂದು ಹೆಸರಾದ ಎಂಜಿನ್ ಅದು. ಹೊರಹೋಗುವ ಹೊಗೆಯಿಂದಲೇ ಚಕ್ರ ತಿರುಗಿಸಿ ಸಿಲಿಂಡರಿನೊಳಕ್ಕೆ ಹೆಚ್ಚು ಗಾಳಿ ನೂಕುವ ಟರ್ಬೋದ ಜಾಣ್ಮೆ ವಿಜ್ಞಾನದ ಮೇಷ್ಟರಾದ ನನಗೂ ಪ್ರಿಯವೇ. ಆದರೆ ಅದರ ತೂಕ ಸುಮಾರು 500 ಕಿಲೋ! ಗಾಡಿಯ ಸ್ಪ್ರಿಂಗು, ಬ್ರೇಕು, ಗೇರ್‌ಬಾಕ್ಸುಗಳೆಲ್ಲ ಹಳೆಯ ಎಂಜಿನ್ನಿಗೆ ತಕ್ಕವು. ಮಕ್ಕಳಿಬ್ಬರನ್ನು ಅವನು ಶಾಲೆಗೆ ಬಿಡುವುದೂ ಅದರಲ್ಲೇ. “ಮೊದಲು ನಿಲ್ಲಿಸುವುದರ ಲೆಕ್ಕ ಕಳಿಸಪ್ಪಾ, ಓಡಿಸುವುದರದು ಆಮೇಲೆ” ಎಂದೆ. “ಆಗಲಿ ಮಾವ” ಎಂದ. ಕಳೆದ ವಾರ ಬಂದ ಪಟ್ಟಿಯಲ್ಲಿ ಮೊದಲಿಗೆ ಬ್ರೇಕು, ಬಳಿಕ ಮುಂದಿನ ಸ್ಪ್ರಿಂಗು. ಎಂಜಿನ್ನಿಗೆ ಏಳನೆಯ ಸಾಲು. ಹೊಸ ಗಾಡಿಯನ್ನೇ ಕೊಳ್ಳಬಾರದೇ ಎಂಬುದು ತಂಗಿಯ ತಕರಾರು.