ಎಷ್ಟು ಕೊಳಗ, ಎಷ್ಟು ಭತ್ತ

ಇಂಗ್ಲಿಷ್ ವ್ಯಾಕರಣದಲ್ಲಿ ನನಗೆ ಬಲು ಪ್ರಿಯವಾದ ಪಾಠ ಮೆನಿ–ಮಚ್, ಫ್ಯೂ–ಲಿಟಲ್. ಸಾಗರ, ಹೊಸನಗರ, ತೀರ್ಥಹಳ್ಳಿ ಮೂರೂ ತಾಲ್ಲೂಕಿನ ಶಾಲೆಗಳಲ್ಲಿ ಅದನ್ನು ಮಾಡಿದ್ದೇನೆ. ಎಣಿಸುವುದಕ್ಕೆ ಮೆನಿ, ಅಳೆಯುವುದಕ್ಕೆ ಮಚ್ ಎಂದು ಬೋರ್ಡಿನ ಮೇಲೆ ಬರೆದರೆ ಪಾಠ ಮುಗಿದಂತೆಯೇ. ಆದರೆ ಎಣಿಕೆ, ಅಳತೆ, ತೂಕ ಮೂರನ್ನೂ ಮನೆಯಂಗಳದಲ್ಲೇ ಕಂಡು ಬೆಳೆದ ಮಕ್ಕಳೆದುರು ಹಾಗೆ ಮುಗಿಸಲು ನನಗೆ ಮನಸ್ಸು ಬರುವುದಿಲ್ಲ.

ಅಡಿಕೆಯಿಂದಲೇ ಶುರು. ತೋಟದಲ್ಲಿ ಮರ ಎಣಿಸುತ್ತಾರೆ, ಕೊಯ್ಲಿನ ದಿನ ಕೊನೆ ಎಣಿಸುತ್ತಾರೆ, ಅಲ್ಲಿ ಮೆನಿ. ಸುಲಿದು, ಬೇಯಿಸಿ, ಒಣಗಿಸಿ ಚೀಲಕ್ಕೆ ತುಂಬಿದ ಮೇಲೆ ಒಂದೊಂದು ಅಡಿಕೆಯನ್ನು ಯಾರೂ ಕೇಳುವುದಿಲ್ಲ. ಮಂಡಿಯಲ್ಲಿ ಕ್ವಿಂಟಲಿನ ಮಾತು, ಅಲ್ಲಿ ಮಚ್. ಹಲಸಿನ ಹಣ್ಣೂ ಹಾಗೆಯೇ. ಮರದಲ್ಲಿ ನೇತಾಡುವಾಗ ಲೆಕ್ಕಕ್ಕೆ ಸಿಗುತ್ತದೆ, ಹಪ್ಪಳದ ಹಿಟ್ಟಾದ ಮೇಲೆ ಸಿಗುವುದಿಲ್ಲ.

‘ಸಾರ್, ಅಕ್ಕಿ ಕಾಳನ್ನೂ ಎಣಿಸಬಹುದಲ್ಲ?’ ಈ ಪ್ರಶ್ನೆ ಬಾರದಿದ್ದರೆ ನನಗೆ ಪಾಠ ಸಪ್ಪೆ. ಎಣಿಸಬಹುದು, ಯಾರೂ ಎಣಿಸುವುದಿಲ್ಲ ಅಷ್ಟೆ. ಇಂಗ್ಲಿಷಿನವರು ಬೀನ್ಸ್, ಪೀಸ್ ಎಂದು ಕಾಳುಗಳಿಗೆ ಬಹುವಚನ ಕೊಟ್ಟು, ರೈಸನ್ನು ಮಾತ್ರ ಏಕವಚನದಲ್ಲೇ ಉಳಿಸಿಕೊಂಡರು. ಇಲ್ಲಿ ತರ್ಕಕ್ಕಿಂತ ರೂಢಿ ದೊಡ್ಡದು ಎಂದು ಮಕ್ಕಳಿಗೆ ನೇರವಾಗಿಯೇ ಹೇಳುತ್ತೇನೆ.

ಮಳೆಯ ವಿಷಯ ಇನ್ನೂ ಸೊಗಸು. ತೀರ್ಥಹಳ್ಳಿಯ ಆಗುಂಬೆ, ಹೊಸನಗರದ ಹುಲಿಕಲ್ಲು ಎರಡೂ ನಾಡಿನಲ್ಲೇ ಹೆಚ್ಚು ಮಳೆ ಬೀಳುವ ಊರುಗಳು. ಮಾಪಕ ಅದನ್ನು ಮಿಲಿಮೀಟರಿನಲ್ಲಿ ಹೇಳುತ್ತದೆ. ಹೌ ಮಚ್ ರೇನ್. ಮನೆಯ ಹಿರಿಯರು ಆರಿದ್ರಾ, ಪುನರ್ವಸು, ಪುಷ್ಯ ಎಂದು ಹೆಸರಿಟ್ಟು, ಎಷ್ಟು ಮಳೆ ಕಳೆದವು, ಇನ್ನೆಷ್ಟು ಉಳಿದವು ಎಂದು ಎಣಿಸುತ್ತಾರೆ. ಅಳೆಯುವ ವಸ್ತು ಎಣಿಕೆಗೂ ಒದಗುತ್ತದೆ ಎಂಬುದನ್ನು ಈ ಮಕ್ಕಳಿಗೆ ಬೇರೆ ಯಾರೂ ಕಲಿಸಬೇಕಿಲ್ಲ.

ಲಿಟಲ್, ಎ ಲಿಟಲ್ ಕಷ್ಟ ಅನ್ನುತ್ತಾರೆ. ದೋಸೆಯ ಹೊತ್ತಿಗೆ ಜೋನಿಬೆಲ್ಲದ ಪಾತ್ರೆ ಬಗ್ಗಿಸಿ ಅಮ್ಮ ‘ಚೂರೇ ಇದೆ’ ಎಂದರೆ ಲಿಟಲ್. ‘ಇನ್ನೂ ಚೂರು ಇದೆ, ಹಾಕಿಸ್ಕೋ’ ಎಂದರೆ ಎ ಲಿಟಲ್. ಬೆಲ್ಲ ಅಷ್ಟೇ, ಅಮ್ಮನ ಮನಸ್ಸು ಬೇರೆ. ಎ ಲಾಟ್ ಆಫ್ ಅಂತೂ ಸಾಗರದ ಸೀಮೆಯವರಿಗೆ ಹುಟ್ಟಿನಿಂದಲೇ ಗೊತ್ತು: ರಾಶಿ ಜನ, ರಾಶಿ ಮಳೆ.

ಕೊನೆಗೆ ಕೊಳಗಕ್ಕೆ ಬರುತ್ತೇನೆ. ಈ ಪಾಠದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಭತ್ತವನ್ನು ಎಣಿಸಲಾಗದು, ಕೊಳಗಕ್ಕೆ ತುಂಬಿದರೆ ಕೊಳಗವನ್ನು ಎಣಿಸಬಹುದು. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ನಿಂತಾಗ ಅವರ ದೊಡ್ಡ ದೂರುಗಳಲ್ಲೊಂದು ಇದೇ ಕೊಳಗದ್ದು. ಗೇಣಿ ಅಳೆದುಕೊಳ್ಳಲು ಒಡೆಯರು ದೊಡ್ಡ ಕೊಳಗ ಬಳಸುತ್ತಿದ್ದರು. ಎಚ್. ಗಣಪತಿಯಪ್ಪ ರೈತರನ್ನು ಸಂಘಟಿಸಿದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಹೋರಾಟದ ಜೊತೆಗಿದ್ದ ಶಾಂತವೇರಿ ಗೋಪಾಲಗೌಡರು ತೀರ್ಥಹಳ್ಳಿ ಕಡೆಯ ಆರಗದವರು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ವಿಧಾನಸಭೆಗೆ ಆರಿಸಿಬಂದರು. ನಾನು ಪಾಠ ಮಾಡಿದ ಮೂರೂ ತಾಲ್ಲೂಕು ಈ ಕಥೆಯೊಳಗಿವೆ.

ಹೌ ಮೆನಿ ಕೊಳಗ ಎಂದು ಕೇಳಿದರೆ ಒಡೆಯನದೂ ಒಕ್ಕಲಿನದೂ ಒಂದೇ ಉತ್ತರ. ಹೌ ಮಚ್ ಭತ್ತ ಎಂದರೆ ಉತ್ತರ ಎರಡು. ಎಣಿಕೆ ಸರಿಯಾಗಿಯೇ ಇದ್ದು ಅಳತೆಯಲ್ಲಿ ಮೋಸವಾಗಬಹುದು. ಎರಡೂ ಪ್ರಶ್ನೆಗಳನ್ನು ಪುಸ್ತಕದಲ್ಲಿ ಅಕ್ಕಪಕ್ಕ ಬರೆಸುತ್ತೇನೆ. ಅವತ್ತು ಮೆನಿ, ಮಚ್ ಯಾರಿಗೂ ಅದಲುಬದಲಾಗುವುದಿಲ್ಲ. ಮನೆಯಲ್ಲಿ ಅಜ್ಜನ ಬಾಯಿಂದ ಕೊಳಗದ ಕಥೆ ಕೇಳಿದ ಮಕ್ಕಳು, ತಾವೂ ಹೇಳಬೇಕೆಂದು ಎದ್ದು ನಿಲ್ಲುತ್ತಾರೆ.