ಮಂಗಳವಾರ ಝೂಗೆ ರಜೆ

ಕುವೆಂಪುನಗರ, ಮೈಸೂರು
ಡಿಸೆಂಬರ್, ಬುಧವಾರ ರಾತ್ರಿ

ಪ್ರೀತಿಯ ಅಕ್ಕ,

ಈ ಚಳಿಗೆ ಭಾವನವರ ಮೊಣಕಾಲು ನೋವು ಹೆಚ್ಚಾಗಿರಬೇಕು, ಎಣ್ಣೆ ಹಚ್ಚಿಕೊಳ್ಳುತ್ತಿದ್ದಾರೆ ತಾನೆ? ಫೋನಿನಲ್ಲೇ ಎಲ್ಲ ಹೇಳೋಣವೆಂದರೆ ನಿಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಅಂಗಳದ ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು ನೀನು "ಎಂತ? ಕೇಳ್ತಿಲ್ಲ ಮಾರಾಯ್ತಿ" ಅನ್ನುವುದರಲ್ಲೇ ಹೊತ್ತು ಮುಗಿಯುತ್ತದೆ. ಇಲ್ಲಿಂದ ನಾನು ಬೆಂಗಳೂರಿಗೆ ಹೋಗಿ ಮಗನ ಮನೆಯಲ್ಲಿದ್ದು, ಸಂಕ್ರಾಂತಿಗೆ ಮೊದಲು ತೀರ್ಥಹಳ್ಳಿಗೆ ಬರುತ್ತೇನೆ. ಅಷ್ಟರೊಳಗೆ ಈ ಕಾಗದ ನಿನ್ನ ಕೈ ಸೇರುತ್ತದೆ.

ಮೊದಲು ಕೆಲಸದ ವಿಷಯ. ಇಲ್ಲದಿದ್ದರೆ ನಮ್ಮ ಉಪ್ಪಿನಕಾಯಿ ಸಂಘದ ಹೆಂಗಸರು ದಿನಾ ಬಂದು ನಿನ್ನ ತಲೆ ತಿನ್ನುತ್ತಾರೆ. ಆಹಾರ ಸಂಶೋಧನಾ ಸಂಸ್ಥೆ ಸಿ.ಎಫ್.ಟಿ.ಆರ್.ಐ.ಯ ತರಬೇತಿ ಸೋಮವಾರ ಮುಗಿಯಿತು. ಆ ಸಂಸ್ಥೆ ಇರುವುದು ಚೆಲುವಾಂಬ ಮ್ಯಾನ್ಷನ್‌ನಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿದ ಅರಮನೆಯದು. 1950ರಲ್ಲಿ ಅಲ್ಲಿಗೆ ಈ ಸಂಸ್ಥೆ ಬಂತು. ಎಮ್ಮೆ ಹಾಲಿನಿಂದ ಹಸುಗೂಸಿಗೆ ಪುಡಿ ಮಾಡುವ ವಿಧಾನ ಕಂಡುಹಿಡಿದವರು ಇವರೇ. ನಮ್ಮ ಮಕ್ಕಳಿಗೆ ಕಲಸಿ ಕುಡಿಸುತ್ತಿದ್ದೆವಲ್ಲ ಅಮೂಲ್ ಡಬ್ಬಿ, ಅದರ ಮೂಲ ಇಲ್ಲಿದೆ. ಅಂಥವರ ಮುಂದೆ ನಮ್ಮ ಅಪ್ಪೆಮಿಡಿ ಬಾಟಲಿ ಇಡುವಾಗ ನನಗೆ ಎದೆ ಡವಡವ ಅಂದದ್ದು ನಿಜ. ಉಪ್ಪಿನಕಾಯಿಯ ರಸಕ್ಕೆ ಒಂದು ಕಡ್ಡಿಯಂಥ ಮೀಟರು ಅದ್ದಿ ಹುಳಿ ಅಳೆಯುತ್ತಾರೆ. ಪಿ.ಎಚ್. 4.6ಕ್ಕಿಂತ ಕೆಳಗಿದ್ದರೆ ಪ್ರಾಣಕ್ಕೆ ಎರವಾಗುವ ಬ್ಯಾಕ್ಟೀರಿಯಾ ಅದರಲ್ಲಿ ಬೆಳೆಯಲಾರದಂತೆ. ನಮ್ಮದು ಎಷ್ಟೋ ಕೆಳಗಿತ್ತು. ಅಮ್ಮ ಭರಣಿಯ ಬಾಯಿಗೆ ಮೂಗು ಹಿಡಿದು "ಇದು ಮಳೆಗಾಲ ದಾಟ್ತದೆ" ಅನ್ನುತ್ತಿದ್ದಳಲ್ಲ, ಆ ಮೀಟರೂ ಅದನ್ನೇ ಹೇಳಿತು. ಆದರೆ ನಾವು ಬಾಟಲಿ ಮುಚ್ಚುವ ಕ್ರಮ ಅವರಿಗೆ ಹಿಡಿಸಲಿಲ್ಲ. ಲೇಬಲ್ಲೂ ಬದಲಾಗಬೇಕು. ಅದನ್ನೆಲ್ಲ ಬಂದ ಮೇಲೆ ಕೂತು ಮಾತಾಡೋಣ.

ಸೋಮವಾರ ಸಂಜೆ ಅಲ್ಲಿಂದ ನೇರ ಮೊಮ್ಮಗ ಪುಟ್ಟನ ಶಾಲೆಯ ವಾರ್ಷಿಕೋತ್ಸವಕ್ಕೆ ಹೋದೆ. ನಾಲ್ಕನೇ ಕ್ಲಾಸಿನವರದು ಕಿಂದರಿಜೋಗಿ ನೃತ್ಯ. ನಮ್ಮವನು ಇಲಿ. ಜೋಗಿಯ ಪಾತ್ರ ಸಿಗಲಿಲ್ಲವೆಂದು ಮನೆಯಲ್ಲಿ ಒಂದು ವಾರ ಮುಖ ಊದಿಸಿಕೊಂಡಿದ್ದನಂತೆ. ವೇದಿಕೆಯಲ್ಲಿ ಇಪ್ಪತ್ತು ಮೂವತ್ತು ಇಲಿಗಳು, ಎಲ್ಲವಕ್ಕೂ ಬೂದು ಬಣ್ಣದ ಟೋಪಿ, ಹಗ್ಗದ ಬಾಲ. ಹೊಳೆಗೆ ಬೀಳುವ ಹೊತ್ತಿಗೆ ಮುಂದಿನ ಇಲಿಯ ಬಾಲ ಇವನ ಕಾಲಿಗೆ ಸಿಕ್ಕಿ ಕಿತ್ತು ಬಂತು. ಆ ಹುಡುಗಿ ಅಲ್ಲೇ ನಿಂತು ಅಳಲು ಶುರುಮಾಡಿದಳು. ಇವನು ಕುಣಿತ ಬಿಟ್ಟು ಬಾಲ ಹೆಕ್ಕಿ ಅವಳ ಕೈಗೆ ಕೊಟ್ಟ. ಅಷ್ಟರಲ್ಲಿ ಮಿಕ್ಕ ಇಲಿಗಳೆಲ್ಲ ಹೊಳೆಯಲ್ಲಿ ಮುಳುಗಿಯಾಗಿತ್ತು. ಬದುಕಿ ಉಳಿದ ಎರಡೇ ಇಲಿಗಳಿಗೆ ಎಲ್ಲರಿಗಿಂತ ಜೋರು ಚಪ್ಪಾಳೆ.

ಮಾರನೆಯ ದಿನ ಅವನಿಗೆ ರಜೆ, ನನಗೂ ಕೆಲಸವಿಲ್ಲ. "ಎಲ್ಲಿಗೆ ಹೋಗೋಣ, ಝೂಗಾ?" ಅಂದೆ. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಅಜ್ಜಿ, ಮಂಗಳವಾರ ಝೂಗೆ ರಜೆ, ಅಷ್ಟೂ ಗೊತ್ತಿಲ್ವಾ? ಕಾರಂಜಿ ಕೆರೇನೂ ಕ್ಲೋಸು" ಎಂದ. 1892ರಿಂದ ಇರುವ ಝೂ, ಪ್ರಾಣಿಗಳಿಗೂ ವಾರಕ್ಕೊಂದು ದಿನ ಜನರ ಕಾಟ ತಪ್ಪಲಿ, ಸರಿಯೇ. ಅರಮನೆಗೆ ಹೋಗೋಣವೆಂದರೆ "ಪ್ರತಿ ವರ್ಷ ಸ್ಕೂಲಿಂದ ಅಲ್ಲಿಗೇ ಕರ್ಕೊಂಡು ಹೋಗ್ತಾರೆ, ಚಪ್ಪಲಿ ಬಿಟ್ಟು ಬಿಸಿಲಲ್ಲಿ ನಡೀಬೇಕು" ಎಂದು ಮೂಗು ಮುರಿದ. 1912ರಲ್ಲಿ ನಲವತ್ತೊಂದು ಲಕ್ಷಕ್ಕೂ ಮಿಕ್ಕಿ ಖರ್ಚುಮಾಡಿ ಕಟ್ಟಿ ಮುಗಿಸಿದ ಅರಮನೆ ಹೀಗೆ ಒಂದೇ ಮಾತಿಗೆ ಬಿದ್ದುಹೋಯಿತು. ಹೊರಗಿನವರಾದ ನಾವು ಮೈಸೂರೆಂದರೆ ಏನೇನು ನೋಡಬೇಕೆಂದು ಪಟ್ಟಿ ಹಿಡಿದು ಬರುತ್ತೇವೆ. ಇಲ್ಲೇ ಹುಟ್ಟಿದವನಿಗೆ ಆ ಪಟ್ಟಿಯ ಹಂಗೇ ಇಲ್ಲ. ಹಾಗಾಗಿ ಅವನು ಕರೆದ ಕಡೆಗೆ ನಾನು ಹೋದೆ.

ಬೆಳಿಗ್ಗೆ ಆರೂವರೆಗೇ ಕುಕ್ಕರಹಳ್ಳಿ ಕೆರೆ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕೆರೆ. ಈಗ ಅದು ಮಾನಸಗಂಗೋತ್ರಿಯ ಮಗ್ಗುಲಿಗೆ ಊರ ನಡುವೆಯೇ ಬಂದುಬಿಟ್ಟಿದೆ. ಏರಿಯ ಮೇಲೆ ಸ್ವೆಟರ್, ಮಂಕಿಕ್ಯಾಪ್ ಹಾಕಿಕೊಂಡ ನಿವೃತ್ತರು ಗುಂಪು ಗುಂಪಾಗಿ ಪಿಂಚಣಿಯ ಮಾತಾಡುತ್ತ ನಡೆಯುತ್ತಾರೆ. ನೀರಿನಿಂದ ಮಂಜು ಏಳುತ್ತಿತ್ತು. ನಡುಗಡ್ಡೆಯ ಮರಗಳ ಮೇಲೆ ಬಿಳಿ ಬಟ್ಟೆ ಒಣಹಾಕಿದಂತೆ ಹಕ್ಕಿಗಳು. ಅವು ಹೆಜ್ಜಾರ್ಲೆ ಅಂದೆ. ಅವನು ಪೆಲಿಕನ್ ಅಂದ. ಆಗಲಿ. ಒಂದು ಹೆಜ್ಜಾರ್ಲೆ ನಮ್ಮ ಎದುರಿಗೇ ಇಳಿಯಿತು. ಅಷ್ಟು ದೊಡ್ಡ ಮೈ, ರೆಕ್ಕೆ ಬಡಿಯದೆ ನೀರಿಗೆ ತಾಗುವಷ್ಟು ಕೆಳಗೆ ತೇಲಿ ಬಂದು, ಎರಡೂ ಕಾಲು ಮುಂದಕ್ಕೆ ಚಾಚಿ, ಉದ್ದಕ್ಕೆ ನೀರು ಸೀಳಿ ನಿಂತಿತು. ಆಮೇಲೆ ಏನೂ ಆಗದವರಂತೆ ಕೊಕ್ಕನ್ನು ಎದೆಗೆ ಒತ್ತಿಕೊಂಡು ಕೂತಿತು. ಸ್ವಲ್ಪ ಹೊತ್ತಿನ ಮೇಲೆ ಕೊಕ್ಕು ಮುಳುಗಿಸಿ ಎತ್ತಿದಾಗ ಕೆಳಗಿನ ಚೀಲ ಜೋತುಬಿದ್ದಿತ್ತು. ಮೊದಲು ನೀರೆಲ್ಲ ಬಸಿಯಿತು, ಆಮೇಲೆ ಕತ್ತು ಮೇಲೆತ್ತಿ ನುಂಗಿತು. ಗಂಟಲಲ್ಲಿ ಮೀನು ಇಳಿಯುವುದು ಹೊರಗಿನಿಂದಲೇ ಕಾಣುತ್ತದೆ ಅಕ್ಕ. ಪುಟ್ಟ ತನ್ನ ಗಂಟಲು ಮುಟ್ಟಿ ನೋಡಿಕೊಂಡ.

ಈ ಕೆರೆಯ ದಂಡೆಯಲ್ಲಿ ಕುವೆಂಪು ತಿರುಗಾಡುತ್ತಿದ್ದರು, ಇದರ ಮೇಲೆ ಪದ್ಯ ಬರೆದಿದ್ದಾರೆ ಎಂದು ಹೇಳಿದೆ. ಅಲ್ಲಿಂದ ಶುರುವಾಯಿತು ನೋಡು ಜಗಳ. "ನಮ್ಮೂರಿನವರಲ್ವಾ, ಇಲ್ಲೇ ವಾಕಿಂಗ್ ಮಾಡ್ತಾರೆ" ಎಂದ. ನನಗೆ ಮೈ ಉರಿಯಿತು. ನಿಮ್ಮೂರಿನವರು ಹೇಗೋ? ಕುಪ್ಪಳಿ ಇರುವುದು ನಮ್ಮ ತೀರ್ಥಹಳ್ಳಿ ತಾಲ್ಲೂಕಿನಲ್ಲಿ, ಅವರು ಆಡಿ ಬೆಳೆದ ಮನೆ, ಹತ್ತಿದ ಗುಡ್ಡ ಎಲ್ಲ ಅಲ್ಲಿದೆ ಎಂದೆ. ಅವನು ಬೆರಳು ಮಡಚಿದ. ಓದಿದ್ದು ಇಲ್ಲಿ, ಪಾಠ ಹೇಳಿದ್ದು ಇಲ್ಲಿ, ಮನೆ ಕಟ್ಟಿದ್ದು ಇಲ್ಲಿ. ನಾನೇ ಬಾಯಿತಪ್ಪಿ, 1956ರಿಂದ 60ರವರೆಗೆ ಇಲ್ಲಿನ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದರು, ಎದುರಿಗೆ ಕಾಣುವ ಮಾನಸಗಂಗೋತ್ರಿ ಅವರೇ ಕಟ್ಟಿದ್ದು ಎಂದು ಇನ್ನೊಂದು ಬೆರಳು ಕೊಟ್ಟೆ. ಕೊನೆಗೆ, 1994ರಲ್ಲಿ ತೀರಿಕೊಂಡ ಮೇಲೆ ಅವರನ್ನು ಕರೆತಂದದ್ದು ಎಲ್ಲಿಗೆ, ಕುಪ್ಪಳಿಯ ಕವಿಶೈಲಕ್ಕೆ ತಾನೆ ಎಂದು ನನ್ನ ದೊಡ್ಡ ಬಾಣ ಬಿಟ್ಟೆ. ಅವನು ಒಂದು ನಿಮಿಷ ಯೋಚಿಸಿ, "ಹಾಗಾದ್ರೆ ಬದುಕಿರೋವಾಗ ನಮ್ಮೋರು, ಆಮೇಲೆ ನಿಮ್ಮೋರು" ಎಂದ. ಇದಕ್ಕೆ ನಿನ್ನ ಹತ್ತಿರ ಉತ್ತರವಿದ್ದರೆ ಬರೆದು ಕಳಿಸು.

ಆಟೋ ಹಿಡಿದು ಒಂಟಿಕೊಪ್ಪಲಿಗೆ ಹೋಗಿ 'ಉದಯರವಿ' ಮನೆಯನ್ನು ಹೊರಗಿನಿಂದ ತೋರಿಸಿದೆ. ಜನ ವಾಸವಿರುವ ಮನೆ, ಗೇಟು ತಟ್ಟುವುದು ಬೇಡವೆಂದು ರಸ್ತೆಯಲ್ಲೇ ನಿಂತೆವು. ಅವನಿಗೆ ಅಷ್ಟೇನೂ ಹಿಡಿಸಲಿಲ್ಲ. ಅವನ ತಕರಾರು ಬೇರೆ: "ಉದಯರವಿ ರೋಡು ನಮ್ಮನೆ ಹತ್ರ ಇದೆ, ಉದಯರವಿ ಮನೆ ಯಾಕೆ ಇಲ್ಲಿದೆ?" ಮಗಳು ಅಳಿಯ ಈ ಬಡಾವಣೆಗೆ ಬಂದು ಇಷ್ಟು ವರ್ಷವಾದರೂ ನನಗೆ ಹೊಳೆಯದ ಪ್ರಶ್ನೆ.

ಮಧ್ಯಾಹ್ನ ಊಟ ಮುಗಿಸಿ ಮನೆಯ ಬಳಿಯ ಕಾಂಪ್ಲೆಕ್ಸ್ ಹತ್ತಿರ ಸಿಟಿ ಬಸ್ಸು ಹತ್ತಿದೆವು. ಆಧಾರ್ ತೋರಿಸಿದೆ, ನನಗೆ ಸೊನ್ನೆ ರೂಪಾಯಿ ಟಿಕೆಟ್. ಪುಟ್ಟನಿಗೆ ಅರ್ಧ ಟಿಕೆಟ್, ಅದಕ್ಕೆ ದುಡ್ಡು. ಶಕ್ತಿ ಯೋಜನೆ ಹುಡುಗಿಯರಿಗೆ ಉಂಟು, ಹುಡುಗರಿಗಿಲ್ಲ. "ಅಜ್ಜಿ ದೊಡ್ಡೋಳು, ಅವಳಿಗೆ ಫ್ರೀ, ನಾನು ಚಿಕ್ಕೋನು, ನಂಗ್ಯಾಕೆ ದುಡ್ಡು?" ಎಂದು ಕಂಡಕ್ಟರನ್ನೇ ಕೇಳಿದ. ಆತ ಪುಣ್ಯಾತ್ಮ, "ನಿನ್ನ ದುಡ್ಡಲ್ಲೇ ಕಣಪ್ಪಾ ಬಸ್ಸು ಓಡ್ತಿರೋದು" ಅಂದ. ಇಡೀ ಬಸ್ಸು ನಕ್ಕಿತು. ಹುಡುಗ ಬೀಗಿದ, ಇಳಿಯುವವರೆಗೆ ಆ ಟಿಕೆಟನ್ನು ಮಡಚದೆ ಹಿಡಿದುಕೊಂಡಿದ್ದ.

ದೊಡ್ಡ ಗಡಿಯಾರದ ಕೆಳಗೆ ನಿಲ್ಲಿಸಿ ಗಂಟೆ ಎಷ್ಟು ಹೇಳು ನೋಡೋಣ ಎಂದೆ. ನಾಲ್ವಡಿಯವರ ಆಳ್ವಿಕೆಗೆ ಇಪ್ಪತ್ತೈದು ವರ್ಷವಾದಾಗ, 1927ರಲ್ಲಿ ಕಟ್ಟಿದ ಎಪ್ಪತ್ತೈದು ಅಡಿಯ ಗೋಪುರ. ಮುಖದ ಮೇಲೆ ಕನ್ನಡ ಅಂಕಿಗಳು. ಮುಳ್ಳು ನೋಡಿ ಅವನು ಸಲೀಸಾಗಿ ಮೂರೂಕಾಲು ಎಂದ. ಆದರೆ ಅಂಕಿ ಓದು ಎಂದರೆ ತಡವರಿಸಿದ. ೧ ಅವನಿಗೆ ಬಾಯಿ ತೆರೆದ ಸೊನ್ನೆ, ೧೦ ಅಂದರೆ ಎರಡು ಸೊನ್ನೆ. ೬ ಮತ್ತು ೭ ಅದಲುಬದಲು. ಮುಳ್ಳಿನ ಜಾಗ ನೋಡಿ ಅಂಕಿ ಊಹಿಸುವ ಉಪಾಯ ಕಂಡುಕೊಂಡು ಒಂದು ಸುತ್ತು ಮುಗಿಸಿದ. ಆಮೇಲೆ ಬಂದ ಬಸ್ಸುಗಳ ನಂಬರನ್ನೆಲ್ಲ ಕನ್ನಡದಲ್ಲಿ ಹೇಗೆ ಬರೆಯುವುದೆಂದು ನನ್ನ ಅಂಗೈಯಲ್ಲಿ ಬೆರಳಿನಿಂದ ಬರೆಯುತ್ತ ಬಂದ. ಶಾಲೆಗೆ ಅಷ್ಟು ಫೀಸು ಕಟ್ಟುತ್ತಾರೆ, ಕಲಿಸಿದ್ದು ಗಡಿಯಾರ!

ದೇವರಾಜ ಮಾರುಕಟ್ಟೆ ನಿನಗೆ ನೆನಪಿರಬೇಕು, ಮದುವೆ ಸೀರೆಗೆ ಬಂದಾಗ ಇಬ್ಬರೂ ಮಲ್ಲಿಗೆ ಕೊಂಡಿದ್ದೆವು. 2016ರಲ್ಲಿ ಅದರ ಒಂದು ಭಾಗ ಕುಸಿದುಬಿದ್ದಿತ್ತು. ಕೆಡವಿ ಹೊಸದು ಕಟ್ಟಬೇಕೋ, ದುರಸ್ತಿ ಮಾಡಬೇಕೋ ಎಂದು ಅಂದಿನಿಂದ ವಾದ ನಡೆದಿದೆ. ನನ್ನನ್ನು ಕೇಳಿದರೆ ದುರಸ್ತಿಯೇ ಸೈ. ಮೇಲಿಂದ ಇಳಿಬಿದ್ದ ಟಾರ್ಪಾಲು, ಕಿರಿದಾದ ಓಣಿ, ಎರಡೂ ಕಡೆ ಜಗುಲಿಯ ಮೇಲೆ ಕೂತ ಮಾಲೀಕ, ಇದನ್ನು ಹೊಸ ಕಾಂಕ್ರೀಟು ಕಟ್ಟಡದಲ್ಲಿ ಯಾರು ಮಾಡಿಕೊಡುತ್ತಾರೆ? ಕುಂಕುಮದ ರಾಶಿಗಳ ಮುಂದೆ ವಿದೇಶದವರು ಫೋಟೋ ಹೊಡೆಯುತ್ತಿದ್ದರು. ನಾನು ಒಣಮೆಣಸಿನಕಾಯಿಯ ಸಾಲಿನಲ್ಲಿ ಬ್ಯಾಡಗಿಯ ಬೆಲೆ ಕೇಳುತ್ತ ನಿಂತೆ. ಮುರಿದು ಮೂಸಿದೆ, ನಮ್ಮ ಸಾಹುಕಾರ ಕೊಡುವುದಕ್ಕಿಂತ ಒಳ್ಳೆಯ ಮಾಲು. ರಸಬಾಳೆ ಕೇಳಿದರೆ ಒಬ್ಬ ದೇವರಾಣೆ ಮಾಡಿ ಒಂದು ಚಿಪ್ಪು ಕೊಟ್ಟ. ಸೊರಗು ರೋಗ ಬಂದ ಮೇಲೆ ನಿಜವಾದ ನಂಜನಗೂಡು ರಸಬಾಳೆ ಬಲು ಅಪರೂಪ, ಆಣೆ ಮಾಡಿದ್ದರಿಂದಲೇ ನನಗೆ ಅನುಮಾನ. ಮನೆಗೆ ಬಂದು ತಿಂದೆವು, ಹಣ್ಣು ಚೆನ್ನಾಗಿತ್ತು, ಹೆಸರು ಯಾವುದಾದರೂ ಇರಲಿ. ಹೂವಿನವಳ ಹತ್ತಿರ ಎರಡು ಮೊಳ ಮಲ್ಲಿಗೆ ತಗೊಂಡೆ. ಅವಳ ಮೊಳ ಚಿಕ್ಕದೆಂದು ಪುಟ್ಟ ತನ್ನ ಕೈಯಿಂದ ಅಳೆದು ತೋರಿಸಿದ. ನಿನ್ನ ಕೈ ಇನ್ನೂ ಚಿಕ್ಕದಲ್ಲೋ ಎಂದು ಅವಳು ನಗುತ್ತ ಒಂದು ಗೇಣು ಸೇರಿಸಿದಳು. ಗುರು ಸ್ವೀಟ್ಸ್‌ನಲ್ಲಿ ಮೈಸೂರುಪಾಕು ಕಟ್ಟಿಸಿದ್ದೇನೆ. ಅರಮನೆಯ ಅಡಿಗೆಯ ಕಾಕಾಸುರ ಮಾದಪ್ಪನವರ ಮನೆತನದ ಅಂಗಡಿ. ಭಾವನವರಿಗೆ ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಿದ್ದೂ ಕಾಲು ಕೆ.ಜಿ. ಹೆಚ್ಚಿಗೆ ತಗೊಂಡೆ, ನೀನು ಬಚ್ಚಿಡು.

ಸಂಜೆ ಅಳಿಯ ಬರುವ ತನಕ ಹೊತ್ತಿತ್ತು. "ಈಗ ನಮ್ಮ ಏರಿಯಾ ತೋರಿಸ್ತೀನಿ" ಎಂದು ಪುಟ್ಟ ಹೊರಡಿಸಿದ. ಅಕ್ಕ, ಈ ಬಡಾವಣೆಯ ರಸ್ತೆಗಳಿಗೆ ಕುವೆಂಪು ಅವರ ನಂಟಿನ ಎಷ್ಟೊಂದು ಹೆಸರು! ಅನಿಕೇತನ ರಸ್ತೆ, ನವಿಲು ರಸ್ತೆ ಎರಡೂ ಅವರ ಕವನ ಸಂಕಲನದ ಹೆಸರು. ವಿಶ್ವಮಾನವ ಜೋಡಿರಸ್ತೆ ಬೇರೆ. ಪುಟ್ಟನಿಗೆ ಈ ಹೆಸರುಗಳೆಲ್ಲ ಬಾಯಿಪಾಠ, ಆದರೆ ಅವನ ಲೆಕ್ಕವೇ ಬೇರೆ. ಉದಯರವಿ ಅಂದರೆ ಕೇಕು ಸಿಗುವ ರಸ್ತೆ, ಅನಿಕೇತನ ಅಂದರೆ ನಾಯಿ ಅಟ್ಟಿಸಿಕೊಂಡು ಬಂದ ರಸ್ತೆ, ನವಿಲು ಅಂದರೆ ಗೆಳೆಯನ ಮನೆ. ನವಿಲು ರಸ್ತೆಯಲ್ಲಿ ಒಂದೂ ನವಿಲಿಲ್ಲ ಎಂದು ಅವನದೊಂದು ದೂರು. ಪಂಚಮಂತ್ರ ರಸ್ತೆಯ ಬೋರ್ಡಿನ ಕೆಳಗೆ ನಿಂತು ಐದು ಮಂತ್ರ ಯಾವುವು ಹೇಳು ಎಂದೆ. ಮನುಜಮತ, ವಿಶ್ವಪಥ ಎರಡು ಬಂದವು. ಡಿಸೆಂಬರ್ 29ಕ್ಕೆ ಶಾಲೆಯಲ್ಲಿ ವಿಶ್ವಮಾನವ ದಿನ, ಅದಕ್ಕೆ ಕಲಿಸುತ್ತಿದ್ದಾರೆ. ಸರ್ವೋದಯ, ಸಮನ್ವಯ ನಾನು ಸೇರಿಸಿದೆ. ಐದನೆಯದು ನನಗೂ ನಾಲಗೆಯ ತುದಿಗೆ ಬಂದು ನಿಂತಿತು. ಚುರುಮುರಿ ಗಾಡಿಯವನು ಈರುಳ್ಳಿ ಹೆಚ್ಚುತ್ತ, ತಲೆ ಎತ್ತದೆ, "ಪೂರ್ಣದೃಷ್ಟಿ ಅಮ್ಮ" ಎಂದ. ಇಪ್ಪತ್ತು ವರ್ಷದಿಂದ ಇದೇ ರಸ್ತೆಯಲ್ಲಿ ಗಾಡಿ ಇಡುತ್ತಾನಂತೆ, ಬಂದವರೆಲ್ಲ ಕೇಳುತ್ತಾರಂತೆ. ಅವನ ಹತ್ತಿರವೇ ಎರಡು ಪೊಟ್ಟಣ ಚುರುಮುರಿ ಕಟ್ಟಿಸಿದೆವು. ಖಾರ ಹೆಚ್ಚಾಗಿ ಪುಟ್ಟನ ಮೂಗಿನಲ್ಲಿ ನೀರು. ವೀಣೆ ಶೇಷಣ್ಣ ಭವನದ ತನಕ ನಡೆದು ತಿರುಗಿ ಬಂದೆವು. ಕಾಲು ನೋಯುತ್ತಿತ್ತು, ಆದರೆ ಹೇಳಲಿಲ್ಲ.

ಬೇಸಿಗೆ ರಜೆಗೆ ಅವನನ್ನು ನನ್ನ ಜತೆ ಬಿಡಲು ಮಗಳು ಒಪ್ಪಿದ್ದಾಳೆ. ಕುಪ್ಪಳಿಯ ಮನೆ ನೋಡಲೇಬೇಕಂತೆ, ಯಾರ ಊರೆಂದು ಅಲ್ಲೇ ತೀರ್ಮಾನವಂತೆ. ನಿನ್ನ ಮೊಮ್ಮಕ್ಕಳನ್ನೂ ಕರೆಸಿಕೋ, ಸೋಲಿಸಲು ನನಗೆ ಜನ ಬೇಕು.

ಇನ್ನೊಂದು ಮರೆಯಬೇಡ. ಮಿಡಿ ಕೊಯ್ಯುವವನು ಬಂದರೆ ಈ ಸಲ ಮೊದಲೇ ಹೇಳಿಡು: ತೊಟ್ಟು ಸಮೇತ ಕೊಯ್ದು ಬುಟ್ಟಿಯಲ್ಲಿ ಇಳಿಸಬೇಕು, ನೆಲಕ್ಕೆ ಬಿದ್ದದ್ದು ಒಂದೂ ಬೇಡ. ದೊಡ್ಡ ಭರಣಿ ಎರಡನ್ನೂ ತೊಳೆದು ಬಿಸಿಲಿಗೆ ಇಡಿಸಿರು. ಮುಚ್ಚಳದ ವಿಷಯ ನಾನು ಬಂದು ಹೇಳುತ್ತೇನೆ.

ಭಾವನವರಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ.

ನಿನ್ನ ತಂಗಿ